ಗೇಮರ್‌ಗಳು ಕೆಲವೇ ಶತಮಾನಗಳಿಗೆ ಏಕೆ ಕಾದು ಕೂರುತ್ತಾರೆ?

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಇಂಜಿನಿಯರಿಂಗ್ ಓದುವ ಅವಳ ಮಗ ಊಟಕ್ಕೆ ಎರಡು ಸಲ ಕರೆದರೂ ಏಳದೆ ಕಂಪ್ಯೂಟರಿನ ಮುಂದೆಯೇ ಕುಳಿತಿದ್ದ. ಪರದೆಯ ಮೇಲೆ 1403ನೆಯ ಇಸವಿಯ ಬೊಹೆಮಿಯಾ, ಅಂದರೆ ಇಂದಿನ ಚೆಕ್ ದೇಶದ ಒಂದು ಸೀಮೆ, ಮಳೆಯಲ್ಲಿ ನೆನೆಯುತ್ತಿತ್ತು. ಅಲ್ಲಿನ ರಾಜ ವೆನ್ಸೆಸ್ಲಾಸ್‌ನನ್ನು ಅವನ ಮಲತಾಯಿಯ ಮಗ ಸಿಗಿಸ್ಮಂಡ್ ಸೆರೆಯಲ್ಲಿಟ್ಟದ್ದು, ಬೆಳ್ಳಿಯ ಗಣಿಗಳಿದ್ದ ಊರುಗಳ ಮೇಲೆ ಎಲ್ಲರ ಕಣ್ಣು ಬಿದ್ದದ್ದು, ಎಲ್ಲವೂ ಈ ಹುಡುಗನ ನಾಲಿಗೆಯ ತುದಿಯಲ್ಲಿತ್ತು. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನ ಪತ್ರಿಕೆಗೆ ಇಸವಿಗಳನ್ನು ನೆನಪಿಡಲಾಗದೆ ಒದ್ದಾಡಿದ್ದವನೂ ಇವನೇ. ಅಕ್ಕ ತಟ್ಟೆ ಹಿಡಿದುಕೊಂಡೇ ಕೇಳಿದಳು: “ಅಷ್ಟು ದೂರದ, ಅಷ್ಟು ಹಳೇ ಊರಾಗ ನಿನಗೇನು ಕೆಲಸ?”

ಈ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. 2025ರ ಫೆಬ್ರುವರಿ ಮತ್ತು ಮಾರ್ಚ್ ಎರಡೇ ತಿಂಗಳಲ್ಲಿ ಇತಿಹಾಸವನ್ನೇ ನೆಲೆಯಾಗಿಸಿಕೊಂಡ ಮೂರು ದೊಡ್ಡ ಗೇಮ್‌ಗಳು ಬಂದವು: ಬೊಹೆಮಿಯಾದ ಕಥೆಯ ಎರಡನೆಯ ಭಾಗವಾದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2’, ಮೌರ್ಯ, ಚೋಳ ಮತ್ತು ಮೊಘಲರನ್ನೂ ಆಡಬಹುದಾದ ‘ಸಿವಿಲೈಸೇಶನ್ 7’, ಹಾಗೂ 1579ರ ಜಪಾನಿನಲ್ಲಿ ನಡೆಯುವ ‘ಅಸಾಸಿನ್ಸ್ ಕ್ರೀಡ್ ಶಾಡೋಸ್’. ಇಂಥ ಗೇಮ್‌ಗಳ ಟ್ರೇಲರ್ ಬಂದ ದಿನ ಮಕ್ಕಳು ಹಬ್ಬದ ಹಿಂದಿನ ರಾತ್ರಿಯಂತೆ ಚಡಪಡಿಸುವುದನ್ನು ಕಂಡ ಹಿರಿಯರಿಗೆ, ಕೆಲವು ಕಾಲಗಳ ಹೆಸರು ಕೇಳಿದೊಡನೆ ಈ ಸಂಭ್ರಮವೇಕೆ, ಉಳಿದ ಕಾಲಗಳಿಗೆ ಅದೇಕಿಲ್ಲ ಎಂಬುದು ಅರ್ಥವಾಗುವುದಿಲ್ಲ. ಅದನ್ನು ಬುಡದಿಂದ ಬಿಡಿಸಿ ನೋಡಬಹುದು, ಮತ್ತು ಹಾಗೆ ನೋಡಲು ಅಕ್ಕ ಬಳಸಿದ ‘ಕೆಲಸ’ ಎಂಬ ಮಾತೇ ಒಳ್ಳೆಯ ಕೀಲಿಕೈ.

ದೇಶಕಾಲವೇ ಆಟದ ನಿಯಮ

ಒಂದು ಕಥೆ ನಡೆಯುವ ಜಾಗವನ್ನೂ ಸಮಯವನ್ನೂ ಸೇರಿಸಿ ನಾವು ದೇಶಕಾಲ ಎನ್ನುತ್ತೇವೆ. ಗೇಮರ್‌ಗಳು ಅದನ್ನೇ ಸೆಟ್ಟಿಂಗ್ ಎನ್ನುತ್ತಾರೆ. ನಾಟಕದಲ್ಲಿ ದೇಶಕಾಲವನ್ನು ಹಿಂದೆ ಇಳಿಬಿಟ್ಟ ಪರದೆಯೇ ಸೂಚಿಸಿಬಿಡುತ್ತದೆ, ನೋಡುವವನು ಅದರ ಮುಂದೆ ಸುಮ್ಮನೆ ಕುಳಿತರೆ ಸಾಕು. ಗೇಮ್‌ನಲ್ಲಿ ಹಾಗೆ ಕೂರಲು ಬರುವುದಿಲ್ಲ, ಏಕೆಂದರೆ ಪಾತ್ರದ ಕೈಕಾಲು ಆಡುವವನ ಬೆರಳುಗಳಲ್ಲಿರುತ್ತವೆ. ಆ ಕೈಕಾಲು ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ಕಾಲವೇ ತೀರ್ಮಾನಿಸುತ್ತದೆ. ಕುದುರೆಯೋ ರೈಲೋ, ಖಡ್ಗವೋ ಬಂದೂಕೋ, ಸುದ್ದಿ ಓಲೆಕಾರನಿಂದ ಬರುತ್ತದೆಯೋ ತಂತಿಯಲ್ಲಿ ಬರುತ್ತದೆಯೋ ಎಂಬ ಒಂದೊಂದು ವ್ಯತ್ಯಾಸವೂ ಆಟದ ನಿಯಮವನ್ನು ಬದಲಿಸುತ್ತದೆ.

ಅಕ್ಕನ ಮಗ ಆಡುತ್ತಿದ್ದ ಕಥೆಯ ಮೊದಲ ಭಾಗ 2018ರಲ್ಲಿ ಬಂದಿತ್ತು. ಅದರ ನಾಯಕ ಹೆನ್ರಿ ರಾಜಕುಮಾರನಲ್ಲ, ಕಮ್ಮಾರನ ಮಗ. ಆಟದ ಮೊದಲ ಗಂಟೆಯಲ್ಲಿ ಅವನಿಗೆ ಸಿಗುವ ಕೆಲಸ ನಮ್ಮ ಓಣಿಯ ಯಾವ ಹುಡುಗನಿಗಾದರೂ ಪರಿಚಿತವಾದದ್ದು: ಅಪ್ಪನ ಕುಲುಮೆಗೆ ಇದ್ದಿಲು ತಾ, ಕೋಟೆಗೆ ಹೋಗಿ ಕತ್ತಿಯ ಹಿಡಿಗೆ ಬೇಕಾದ ಭಾಗ ಇಸಿದುಕೊಂಡು ಬಾ, ಬಾಕಿ ಉಳಿಸಿಕೊಂಡವನಿಂದ ಹಣ ವಸೂಲು ಮಾಡು. ಹೆನ್ರಿಗೆ ಓದು ಬಾರದು. ಪುಸ್ತಕ ತೆರೆದರೆ ಪುಟದ ತುಂಬ ಅಕ್ಷರಗಳು ಕಲಸಿಹೋಗಿ ಅರ್ಥವಿಲ್ಲದ ಸಾಲುಗಳಾಗಿ ಕಾಣುತ್ತವೆ. ಲಿಪಿಕಾರನೊಬ್ಬನನ್ನು ಹುಡುಕಿ, ಅವನ ಬಳಿ ಕುಳಿತು ಕಲಿಯುತ್ತ ಹೋದಂತೆ ಅದೇ ಸಾಲುಗಳು ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತವೆ. ಲಕ್ಕುಂಡಿಯ ಗುಡಿಯಲ್ಲಿ ನಿಲ್ಲಿಸಿದ ಹಳಗನ್ನಡದ ಶಾಸನದ ಮುಂದೆ ನಿಂತವರಿಗೆ ಈ ಅನುಭವ ಗೊತ್ತು: ಅಲ್ಲೊಂದು ‘ಶ್ರೀ’, ಇಲ್ಲೊಂದು ‘ಚಾಳುಕ್ಯ’ ಕಣ್ಣಿಗೆ ಸಿಕ್ಕಿ, ಉಳಿದದ್ದೆಲ್ಲ ಕಲ್ಲಾಗಿಯೇ ಉಳಿಯುತ್ತದೆ. ಹದಿನೈದನೆಯ ಶತಮಾನದ ಬಡವನಿಗೆ ಅಕ್ಷರವೆಂಬುದು ಎಂಥ ಗೋಡೆಯಾಗಿತ್ತು ಎಂದು ಪಾಠದ ಪುಸ್ತಕ ಒಂದು ವಾಕ್ಯದಲ್ಲಿ ಹೇಳುತ್ತದೆ. ಗೇಮ್ ಅದನ್ನು ಆಡುವವನ ಕಣ್ಣಿಗೇ ಕಟ್ಟುತ್ತದೆ. ಹೊಸದೊಂದು ಕಾಲದ ಗೇಮ್ ಬರುತ್ತದೆಂದಾಗ ಗೇಮರ್ ಕಾಯುವುದು ಇಂಥದ್ದಕ್ಕೆ. ಆ ಕಾಲದಲ್ಲಿ ತನಗೆ ಸಿಗುವ ಕೆಲಸ ಯಾವುದು, ಅದಕ್ಕೆ ಎದುರಾಗುವ ಅಡ್ಡಿ ಎಂಥದು ಎಂದು ಅವನ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿರುತ್ತದೆ.

ಅರ್ಧ ಗೊತ್ತಿರುವ ಕಥೆ

ನಮ್ಮ ಭಾಗದ ಹಳ್ಳಿಗಳಲ್ಲಿ ದೊಡ್ಡಾಟಕ್ಕೆ ಜನ ರಾತ್ರಿಯಿಡೀ ಕೂರುತ್ತಾರೆ. ಕರ್ಣ ಸಾಯುತ್ತಾನೆಂದು ಕುಳಿತವರಿಗೆಲ್ಲ ಗೊತ್ತು, ಆದರೂ ಯಾರೂ ಎದ್ದು ಹೋಗುವುದಿಲ್ಲ. ಹೆಸರು ಗೊತ್ತಿರುವುದರಿಂದಲೇ ಅವರು ಬಂದಿರುತ್ತಾರೆ; ಇಂದಿನ ರಾತ್ರಿ ಅದು ಹೇಗೆ ಮೈದಳೆಯುತ್ತದೆಂಬುದು ಗೊತ್ತಿಲ್ಲದ್ದರಿಂದ ಕೂತಿರುತ್ತಾರೆ. ಗೇಮ್‌ಗಳ ಕಾಲಗಳಿಗೂ ಇದೇ ಲೆಕ್ಕ. ಸಮುರಾಯ್, ವೈಕಿಂಗ್, ರೋಮಿನ ದಂಡು, ಎರಡನೆಯ ಮಹಾಯುದ್ಧ ಎಂಬ ಹೆಸರುಗಳು ಸಿನಿಮಾ, ಕಾಮಿಕ್ಸ್ ಮತ್ತು ಟಿವಿಯ ಮೂಲಕ ಲೋಕದ ಎಲ್ಲ ಮೂಲೆಗಳಿಗೂ ತಲುಪಿವೆ. ಹೆಸರು ಕೇಳಿದ ಕೂಡಲೆ ಒಂದು ವೇಷ, ಒಂದು ಆಯುಧ, ಒಂದು ಬಗೆಯ ಕಟ್ಟಡ ಕಣ್ಣ ಮುಂದೆ ನಿಲ್ಲುತ್ತದೆ, ಆದರೆ ಆ ಲೋಕದ ಒಳಗೆ ದಿನ ಹೇಗೆ ಸಾಗುತ್ತಿತ್ತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪೂರ್ತಿ ಗೊತ್ತಿದ್ದರೆ ಕುತೂಹಲವಿಲ್ಲ, ಏನೂ ಗೊತ್ತಿಲ್ಲದಿದ್ದರೆ ಆಸೆಯೇ ಹುಟ್ಟುವುದಿಲ್ಲ.

ಜಪಾನಿನ ಕಥೆ ಇದಕ್ಕೆ ಸ್ಪಷ್ಟ ಉದಾಹರಣೆ. ಅಸಾಸಿನ್ಸ್ ಕ್ರೀಡ್ ಮಾಲಿಕೆಯ ಮೊದಲ ಗೇಮ್ 2007ರಲ್ಲಿ ಬಂತು. ಅದರ ಕಥೆ 1191ರ ಜೆರುಸಲೇಮ್ ಸುತ್ತಮುತ್ತ ನಡೆಯುತ್ತಿತ್ತು. ಆಮೇಲೆ ಇಟಲಿಯ ಫ್ಲಾರೆನ್ಸ್, ಕ್ರಾಂತಿಯ ಪ್ಯಾರಿಸ್, ಕ್ಲಿಯೋಪಾತ್ರಳ ಈಜಿಪ್ಟ್, ಪ್ರಾಚೀನ ಗ್ರೀಸ್, ವೈಕಿಂಗರ ಇಂಗ್ಲೆಂಡ್ ಎಲ್ಲ ಆದವು. ಮೊದಲಿನಿಂದಲೂ ಅಭಿಮಾನಿಗಳು ಜಪಾನ್ ಯಾವಾಗ ಎಂದು ಕೇಳುತ್ತಲೇ ಇದ್ದರು. ಗೋಡೆ ಹತ್ತಿ, ನೆರಳಿನಲ್ಲಿ ಅಡಗಿ, ಸದ್ದಿಲ್ಲದೆ ಶತ್ರುವನ್ನು ಮುಗಿಸುವುದೇ ಮುಖ್ಯವಾದ ಮಾಲಿಕೆಗೆ ನಿಂಜಾಗಳ ನಾಡಿಗಿಂತ ಹೊಂದುವ ಜಾಗ ಬೇರೆಲ್ಲಿ ಎಂಬುದು ಅವರ ವಾದ. ಆ ಕಾಯುವಿಕೆ ಮುಗಿದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಬೇರೆ ಕಂಪನಿಯೊಂದು 1274ರ ಮಂಗೋಲರ ದಾಳಿಯನ್ನು ಆಧರಿಸಿದ ‘ಘೋಸ್ಟ್ ಆಫ್ ತ್ಸುಶಿಮಾ’ವನ್ನು 2020ರಲ್ಲೇ ತಂದು ಆ ಹಸಿವನ್ನು ಸ್ವಲ್ಪ ತಣಿಸಿತ್ತು.

ಸಮಬಲದ ಕುಸ್ತಿ

ಹೆಸರಷ್ಟೇ ಸಾಲದು. ಕುಸ್ತಿಯ ಕಣದ ಸುತ್ತ ಜನ ಕಿಕ್ಕಿರಿಯುವುದು ಯಾವಾಗ ಎಂದು ಧಾರವಾಡ, ಹಾವೇರಿಯ ಕಡೆಯವರಿಗೆ ಹೇಳಿಕೊಡಬೇಕಿಲ್ಲ: ಜೋಡಿ ಸಮಬಲವಾಗಿರಬೇಕು, ಯಾರು ಬೆನ್ನು ನೆಲಕ್ಕೆ ಹಚ್ಚುತ್ತಾರೆಂದು ಕೊನೆಯ ಪಟ್ಟಿನವರೆಗೂ ತಿಳಿಯಬಾರದು. ಒಬ್ಬನೇ ಚಕ್ರವರ್ತಿ ಗಟ್ಟಿಯಾಗಿ ಕುಳಿತು ನಲವತ್ತು ವರ್ಷ ಸುಖವಾಗಿ ಆಳಿದ ಕಾಲ ಜನರಿಗೆ ಒಳ್ಳೆಯದು, ಪಾಠದ ಪುಸ್ತಕಕ್ಕೆ ‘ಸುವರ್ಣಯುಗ’, ಆದರೆ ಗೇಮ್ ಮಾಡುವವನಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಅವನಿಗೆ ಬೇಕಾದದ್ದು ಅಧಿಕಾರ ಒಡೆದು ಹಲವು ಕೈಗಳಿಗೆ ಹರಿದ ಕಾಲ. ಹದಿನೈದು, ಹದಿನಾರನೆಯ ಶತಮಾನಗಳ ಜಪಾನಿನಲ್ಲಿ ಪ್ರತಿ ಸೀಮೆಯ ದೊರೆಯೂ ಪಕ್ಕದವನ ಮೇಲೆ ದಂಡೆತ್ತುತ್ತಿದ್ದ. ಚೀನಾದಲ್ಲಿ ಕ್ರಿ.ಶ. 220ರಿಂದ 280ರವರೆಗೆ ಮೂರು ರಾಜ್ಯಗಳು ಒಂದನ್ನೊಂದು ತಡೆದು ನಿಂತಿದ್ದವು. ಇಂಥ ಕಾಲದಲ್ಲಿ ನಿಷ್ಠೆ ಬದಲಾಗುತ್ತದೆ, ದ್ರೋಹಕ್ಕೆ ಬೆಲೆ ಬರುತ್ತದೆ, ಸಾಮಾನ್ಯನೊಬ್ಬನ ಒಂದು ತೀರ್ಮಾನವೂ ತೂಕ ಪಡೆಯುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿಯಿದೆ, ಮತ್ತು ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ಸ್ವಾರಸ್ಯಕರ. ಹಳೆಯ ಆಯುಧ ಇನ್ನೂ ಹೋಗಿರದ, ಹೊಸದು ಆಗತಾನೇ ಬಂದ ನಡುಗಾಲಗಳು ಗೇಮರ್‌ಗಳನ್ನು ವಿಶೇಷವಾಗಿ ಸೆಳೆಯುತ್ತವೆ. ಪೋರ್ಚುಗೀಸರು 1543ರಲ್ಲಿ ಜಪಾನಿಗೆ ಬಂದೂಕು ತಂದರು; 1579ರ ಹೊತ್ತಿಗೆ ಖಡ್ಗ, ಈಟಿ, ಬಿಲ್ಲು, ಬತ್ತಿಯ ಬಂದೂಕು ಎಲ್ಲವೂ ಒಂದೇ ರಣರಂಗದಲ್ಲಿದ್ದವು. ಬಂದೂಕಿಗೆ ಮದ್ದು ತುಂಬಲು ಹೊತ್ತು ಬೇಕು, ಅಷ್ಟರಲ್ಲಿ ಖಡ್ಗದವನು ಹತ್ತಿರ ಬಂದುಬಿಡುತ್ತಾನೆ. ಆ ಕೆಲವು ಕ್ಷಣಗಳ ಲೆಕ್ಕಾಚಾರದಲ್ಲೇ ಆಟದ ರುಚಿಯಿರುವುದು.

2016ರ ಮೇ ತಿಂಗಳಲ್ಲಿ ನಡೆದದ್ದು ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಆಗ ಯುದ್ಧದ ಎರಡು ದೊಡ್ಡ ಗೇಮ್‌ಗಳ ಟ್ರೇಲರ್‌ಗಳು ಬೆನ್ನುಬೆನ್ನಿಗೆ ಬಂದವು. ಒಂದು ಬಾಹ್ಯಾಕಾಶದ ಭವಿಷ್ಯದ ಯುದ್ಧ, ಇನ್ನೊಂದು ಮೊದಲ ಮಹಾಯುದ್ಧವನ್ನು ಆಧರಿಸಿದ ‘ಬ್ಯಾಟಲ್‌ಫೀಲ್ಡ್ 1’. ಯೂಟ್ಯೂಬ್‌ನಲ್ಲಿ ಭವಿಷ್ಯದ ಯುದ್ಧಕ್ಕೆ ಲಕ್ಷಗಟ್ಟಲೆ ಜನ ಹೆಬ್ಬೆರಳು ಕೆಳಗೆ ಮಾಡಿದರು, ನೂರು ವರ್ಷ ಹಳೆಯ ಯುದ್ಧಕ್ಕೆ ಲಕ್ಷಗಟ್ಟಲೆ ಜನ ಮೇಲೆತ್ತಿದರು. ಕಾರಣ ಒಂದು ಮಟ್ಟಿಗೆ ಬೇಸರ. ಹಲವು ವರ್ಷ ಸಾಲಾಗಿ ಆಧುನಿಕ ಮತ್ತು ಭವಿಷ್ಯದ ಯುದ್ಧಗಳನ್ನೇ ಆಡಿ ಜನರಿಗೆ ಸಾಕಾಗಿತ್ತು. ಆದರೆ ಕಂದಕದ ಕೆಸರಿನಲ್ಲಿ ವರ್ಷಗಟ್ಟಲೆ ಕದಲದೆ ಕುಳಿತ ಆ ಯುದ್ಧ ಆಟಕ್ಕೆ ಒಗ್ಗದು ಎಂಬ ಅನುಮಾನ ಬಹುಕಾಲ ಇತ್ತು. ಟ್ರೇಲರ್ ಆ ಅನುಮಾನವನ್ನು ಒಡೆದದ್ದು, ಕುದುರೆ ಸವಾರನನ್ನೂ ಟ್ಯಾಂಕನ್ನೂ ವಿಮಾನವನ್ನೂ ಒಂದೇ ಬಯಲಿನಲ್ಲಿ ತೋರಿಸಿದ್ದರಿಂದ.

ಕಾಲಿಟ್ಟು ನಡೆಯುವ ಊರು

ಈ ಗೇಮ್‌ಗಳಲ್ಲಿ ಹಲವು ‘ಓಪನ್ ವರ್ಲ್ಡ್’ ಬಗೆಯವು. ಅಂದರೆ ದಾರಿ ಒಂದೇ ಇರುವುದಿಲ್ಲ. ಜಾತ್ರೆಗೆ ಹೋದವನು ಮೊದಲು ತೇರಿನ ಕಡೆ ನಡೆಯಬಹುದು, ಬಳೆ ಅಂಗಡಿಯ ಮುಂದೆ ನಿಲ್ಲಬಹುದು, ಗಿರಮಿಟ್ ತಿನ್ನುತ್ತ ಕೂರಬಹುದು ಎಂಬಂತೆ ಆಡುವವನು ತನಗೆ ಬೇಕಾದ ಕಡೆ ತಿರುಗಬಹುದು. ಹಾಗೆ ತಿರುಗಲು ಊರು ಚೆಂದವಿರಬೇಕು. ಎತ್ತರದ ಗೋಪುರ, ಇಕ್ಕಟ್ಟಿನ ಓಣಿ, ಸಂತೆ, ನದಿ ಇದ್ದ ಊರುಗಳು ಹೆಚ್ಚು ಆಯ್ಕೆಯಾಗುವುದು ಇದೇ ಕಾರಣಕ್ಕೆ.

ಇಂಥ ಊರನ್ನು ಕಟ್ಟಲು ಬಳಸುವ ಒಂದು ವಿಧಾನಕ್ಕೆ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದರೆ ತೊಡಕಾಗುತ್ತದೆ. ಎರಡು ಕಣ್ಣುಗಳು ಎರಡು ಕೋನದಿಂದ ನೋಡುವುದರಿಂದಲೇ ನಮಗೆ ದೂರ ತಿಳಿಯುವುದು. ಅದೇ ರೀತಿ ಒಂದು ಕಂಬದ ಫೋಟೋವನ್ನು ಸುತ್ತಲೂ ನೂರಾರು ಕೋನಗಳಿಂದ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಅದು ಎಲ್ಲ ಫೋಟೋಗಳಲ್ಲೂ ಕಾಣುವ ಒಂದೇ ಬಿಂದುವನ್ನು ಗುರುತಿಸಿ, ಅದು ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದು ಲೆಕ್ಕ ಹಾಕಿ, ಕೊನೆಗೆ ಕಂಬವನ್ನೇ ಪರದೆಯೊಳಗೆ ನಿಲ್ಲಿಸುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ಚೀನಾದ ‘ಬ್ಲ್ಯಾಕ್ ಮಿಥ್: ವುಕಾಂಗ್’ ಪುರಾಣದ ಕಥೆಯಾದರೂ, ಅದರೊಳಗಿನ ಎಷ್ಟೋ ಗುಡಿಗಳು ಶಾನ್ಶಿ ಪ್ರಾಂತ್ಯದಲ್ಲಿ ನಿಜವಾಗಿ ಇರುವಂಥವು. ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದ ಆ ಗೇಮ್ ಆಡಿದವರು ಆಮೇಲೆ ಆ ಗುಡಿಗಳನ್ನು ಹುಡುಕಿಕೊಂಡು ಹೊರಟರು.

ಉತ್ಸಾಹ ಹೀಗೆ ಪರದೆಯಿಂದ ಹೊರಗೆ ಹರಿದ ಸಂದರ್ಭಗಳು ಇನ್ನೂ ಇವೆ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿದ್ದಾಗ, ಅದನ್ನು ಒಳಗೂ ಹೊರಗೂ ಹತ್ತಿ ಇಳಿಯಬಹುದಾಗಿದ್ದ 2014ರ ಅಸಾಸಿನ್ಸ್ ಕ್ರೀಡ್ ಗೇಮ್ ಅನ್ನು ಅದರ ತಯಾರಕರಾದ ಯೂಬಿಸಾಫ್ಟ್ ಕಂಪನಿ ಒಂದು ವಾರ ಕಂಪ್ಯೂಟರ್ ಬಳಕೆದಾರರಿಗೆ ಉಚಿತವಾಗಿ ಕೊಟ್ಟಿತು, ಜೊತೆಗೆ 5 ಲಕ್ಷ ಯೂರೋ ನೆರವನ್ನೂ ಘೋಷಿಸಿತು. ತ್ಸುಶಿಮಾ ದ್ವೀಪದ ದೇವಸ್ಥಾನವೊಂದರ ಹೆಬ್ಬಾಗಿಲು 2020ರಲ್ಲಿ ಚಂಡಮಾರುತಕ್ಕೆ ಉರುಳಿದಾಗ, ಅದನ್ನು ಮತ್ತೆ ನಿಲ್ಲಿಸಲು ಗೇಮ್ ಆಡಿದವರಿಂದ ಹಣ ಹರಿದುಬಂತು. ಆ ಗೇಮ್ ರೂಪಿಸಿದ ಅಮೆರಿಕದ ಇಬ್ಬರು ನಿರ್ದೇಶಕರನ್ನು ದ್ವೀಪದ ಆಡಳಿತ ಪ್ರವಾಸೋದ್ಯಮದ ರಾಯಭಾರಿಗಳನ್ನಾಗಿ ಮಾಡಿತು.

ನಕ್ಷೆಯ ಮುಂದೆ ಕುಳಿತವರು

ಊರಲ್ಲಿ ನಡೆಯದೆ, ನಕ್ಷೆಯ ಮೇಲೆ ರಾಜ್ಯ ನಡೆಸುವ ಗೇಮ್‌ಗಳೂ ಇವೆ. ಇವುಗಳನ್ನು ಸ್ಟ್ರಾಟಜಿ ಗೇಮ್ ಎನ್ನುತ್ತಾರೆ. ಪಗಡೆಯ ಹಾಸಿನ ಬದಲು ಲೋಕದ ಭೂಪಟವೇ ಹಾಸಿದೆಯೆಂದು ಭಾವಿಸಿದರೆ ಸಾಕು. ಇಲ್ಲಿನ ಉತ್ಸಾಹ ಬೇರೆ ಜಾತಿಯದು. ಇತಿಹಾಸದ ಯಾವ ದಿನ ಆಟ ಶುರುವಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ, ಏಕೆಂದರೆ ಆ ದಿನದವರೆಗೆ ನಡೆದದ್ದು ಇತಿಹಾಸ, ಅಲ್ಲಿಂದ ಮುಂದಿನದು ಆಡುವವನ ಕೈಯಲ್ಲಿ.

2013ರ ‘ಯುರೋಪಾ ಯುನಿವರ್ಸಾಲಿಸ್ 4’ ಶುರುವಾಗುವುದು 1444ರ ನವೆಂಬರ್ 11ರಂದು. ಹಿಂದಿನ ದಿನವಷ್ಟೇ ಕಪ್ಪು ಸಮುದ್ರದ ತೀರದ ವಾರ್ನಾದಲ್ಲಿ ತುರ್ಕರು ಹಂಗೇರಿಯವರನ್ನು ಸೋಲಿಸಿರುತ್ತಾರೆ. ಅದೇ ನಕ್ಷೆಯನ್ನು ಕೆಳಕ್ಕೆ ಸರಿಸುತ್ತ ಬಂದರೆ ತುಂಗಭದ್ರೆಯ ಬಳಿ ವಿಜಯನಗರವಿದೆ, ಅದರ ನೆತ್ತಿಯ ಮೇಲೆ ಬಹಮನಿ ರಾಜ್ಯವಿದೆ, ಎರಡನ್ನೂ ಆಡಬಹುದು. ಆ ಹೊತ್ತಿಗೆ ಹಂಪಿಯ ಸಿಂಹಾಸನದ ಮೇಲಿದ್ದವನು ಇಮ್ಮಡಿ ದೇವರಾಯ. 1565ರ ಸೋಲು ನಡೆಯಲೇಬೇಕೆಂದಿಲ್ಲ. ವಿಜಯನಗರವನ್ನು ಅದರಾಚೆಗೂ ದಾಟಿಸಬಹುದು, ಅಥವಾ ಅದಕ್ಕಿಂತ ಮುಂಚೆಯೇ ಕಳೆದುಕೊಳ್ಳಬಹುದು. ಹಂಪಿಗೆ ಹೋದಾಗ ಒಡೆದ ಮೂರ್ತಿಗಳ ಮುಂದೆ ‘ಹೀಗಾಗದೇ ಹೋಗಿದ್ದರೆ’ ಎಂದು ನಿಟ್ಟುಸಿರು ಬಿಟ್ಟವರಿಗೆ ಈ ಆಕರ್ಷಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1999ರಿಂದ ಇಂದಿಗೂ ಆಡಲಾಗುತ್ತಿರುವ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಇಡೀ ಭಾರತಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ಪಂಗಡವಿತ್ತು. 2022ರಲ್ಲಿ ಅದನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿದಾಗ ದಕ್ಷಿಣದ ಹುಡುಗರಿಗೆ ಆದ ಖುಷಿ ಚಿಕ್ಕದಲ್ಲ.

ಯಾವ ತಪ್ಪು ಸಹ್ಯ, ಯಾವುದು ಅಸಹ್ಯ

ಇತಿಹಾಸದ ಗೇಮ್ ಬಂದಾಗಲೆಲ್ಲ ನಿಖರತೆಯ ಜಗಳವೂ ಜೊತೆಗೇ ಬರುತ್ತದೆ. 1274ರ ತ್ಸುಶಿಮಾದಲ್ಲಿ ನಾಯಕ ಕುಳಿತು ಹಾಯ್ಕು ಕಟ್ಟುತ್ತಾನೆ, ಆದರೆ ಆ ಕಾವ್ಯಪ್ರಕಾರ ರೂಪುಗೊಂಡದ್ದು ಹದಿನೇಳನೆಯ ಶತಮಾನದಲ್ಲಿ. ಕ್ರಾಂತಿಯ ಕಾಲದ ನೋತ್ರ್ ದಾಮ್ ಮೇಲೆ ಗೇಮ್ ತೋರಿಸುವ ಮೊನಚು ಶಿಖರವನ್ನು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹೆಚ್ಚಿನವರು ಇವುಗಳನ್ನು ಸುಲಭವಾಗಿ ಒಪ್ಪಿಕೊಂಡರು. ದೊಡ್ಡಾಟದ ಕಿರೀಟದಲ್ಲಿ ಕನ್ನಡಿ ಚೂರು ಹೊಳೆದರೆ ಯಾರೂ ಆಕ್ಷೇಪಿಸುವುದಿಲ್ಲ, ಆದರೆ ಅರ್ಜುನನ ಮುಂಗೈಯಲ್ಲಿ ಗಡಿಯಾರ ಕಂಡರೆ ಇಡೀ ಬಯಲು ಗೊಳ್ಳೆನ್ನುತ್ತದೆ. ಕಲ್ಪನೆಯಲ್ಲಿ ಈಗಾಗಲೇ ಇರುವ ಚಿತ್ರಕ್ಕೆ ಒಪ್ಪುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಪ್ಪದಿದ್ದರೆ ಸರಿಯಾದದ್ದೂ ತಪ್ಪೆಂದು ಕಾಣಬಹುದು. 2025ರ ಜಪಾನ್ ಗೇಮ್‌ನ ನಾಯಕರಲ್ಲಿ ಒಬ್ಬನಾದ ಆಫ್ರಿಕಾದ ಯಾಸುಕೆ ಇತಿಹಾಸದಲ್ಲಿ ಇದ್ದವನೇ, 1581ರಿಂದ ಜಪಾನಿನ ಪ್ರಬಲ ದೊರೆ ಒಡ ನೊಬುನಾಗನ ಸೇವೆಯಲ್ಲಿದ್ದವನೇ. ಆದರೂ ಅವನನ್ನು ಸಮುರಾಯ್ ಎಂದು ತೋರಿಸಿದ್ದರ ಬಗ್ಗೆ ನಡೆದಷ್ಟು ವಾದ ಹಾಯ್ಕುವಿನ ಬಗ್ಗೆ ನಡೆಯಲಿಲ್ಲ.

ನಮ್ಮ ನೆಲದ ಕಾಲ

ಹಾಗಾದರೆ ನಮ್ಮ ಕಡೆಯ ಇತಿಹಾಸಕ್ಕೆ ಈ ಗುಣಗಳಿಲ್ಲವೇ? ಧಾರಾಳವಾಗಿವೆ. ಗದಗ, ಲಕ್ಕುಂಡಿ, ಅಣ್ಣಿಗೇರಿಗಳಿದ್ದ ಬೆಳ್ವೊಲ ಮುನ್ನೂರು ಎಂಬ ನಾಡು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರಿಗೂ ತಂಜಾವೂರಿನ ಚೋಳರಿಗೂ ನಡುವೆ ಸಿಕ್ಕಿ ನಲುಗಿದ ಸೀಮೆ. ಚೋಳರ ದಾಳಿಯಲ್ಲಿ ಇಲ್ಲಿನ ಬಸದಿಗಳು ಸುಟ್ಟುಹೋದದ್ದನ್ನು ಗಾವರವಾಡದ ಶಾಸನ ಹೇಳುತ್ತದೆ. 1054ರ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಚೋಳ ಆನೆಯ ಮೇಲೆಯೇ ಮಡಿದ, ಅವನ ತಮ್ಮ ಅದೇ ರಣರಂಗದಲ್ಲಿ ಪಟ್ಟ ಕಟ್ಟಿಕೊಂಡ. ಇದಕ್ಕಿಂತ ಸಮಬಲದ ಕುಸ್ತಿ ಎಲ್ಲಿ ಸಿಗಬೇಕು? ಲಕ್ಕುಂಡಿ ಆಗ ನಾಣ್ಯ ಅಚ್ಚಾಗುತ್ತಿದ್ದ ಪಟ್ಟಣ. ತುರುಗಳನ್ನು ಕದ್ದೊಯ್ದವರ ಹಿಂದೆ ಓಡಿ ಸತ್ತವರ ವೀರಗಲ್ಲುಗಳು ಹಾವೇರಿಯ ಹಳ್ಳಿ ಹಳ್ಳಿಯಲ್ಲಿ ನಿಂತಿವೆ, ಒಂದೊಂದರಲ್ಲೂ ಹೆನ್ರಿಯಂಥ ಒಬ್ಬ ಸಾಮಾನ್ಯನ ಕಥೆಯಿದೆ. ಕೊರತೆ ಇರುವುದು ಮೊದಲು ಹೇಳಿದ ‘ಅರ್ಧ ಗೊತ್ತಿರುವ’ ಗುಣದ್ದು. ಸಮುರಾಯ್ ಎಂದೊಡನೆ ಬ್ರೆಜಿಲ್‌ನ ಹುಡುಗನ ಕಣ್ಣಿಗೂ ಒಂದು ಚಿತ್ರ ಬರುತ್ತದೆ, ಚಾಲುಕ್ಯ ಎಂದರೆ ಬರುವುದಿಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡುವ ಗೇಮ್‌ಗೆ ಹಣ ಹಾಕುವವರು ಮೊದಲು ನೋಡುವುದು ಆ ಚಿತ್ರ ಇದೆಯೇ ಎಂದು. ಆದರೂ 2020ರಲ್ಲಿ ಪುಣೆಯ ಚಿಕ್ಕ ತಂಡವೊಂದು ಭಾರತದ ಪುರಾಣಗಳ ಲೋಕವನ್ನು ಆಧರಿಸಿ ‘ರಾಜಿ’ ಎಂಬ ಗೇಮ್ ತಂದಿತು; ದಾರಿ ಪೂರ್ತಿ ಮುಚ್ಚಿಲ್ಲ.

ರಜೆ ಮುಗಿಯುವ ಮುನ್ನ ಅಕ್ಕನ ಮಗನನ್ನು ಲಕ್ಕುಂಡಿಗೆ ಕರೆದೊಯ್ದೆ. ಕಾಶಿವಿಶ್ವೇಶ್ವರನ ಬಾಗಿಲವಾಡದ ಕೆತ್ತನೆಯನ್ನು ಅವನು ಒಂದು ನಿಮಿಷ ನೋಡಿದ. ಮಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ ಮಾತ್ರ ಅರ್ಧ ಗಂಟೆ ಕುಳಿತ. ಮೂರು ಕಡೆಯಿಂದ ಇಳಿಯುವ ಮೆಟ್ಟಿಲು, ಮೆಟ್ಟಿಲ ನಡುವೆ ಒಬ್ಬನು ಅಡಗಬಹುದಾದಷ್ಟು ಚಿಕ್ಕ ಗೂಡುಗುಡಿಗಳು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ, ದಾಳಿ ಬಂದರೆ ಊರಿನ ಹೆಂಗಸರು ಯಾವ ಕಡೆಯಿಂದ ಹೊರಗೆ ಹೋಗುತ್ತಿದ್ದರು, ಕಾವಲಿಗೆ ಯಾರಿರುತ್ತಿದ್ದರು ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದ. ಯಾವುದಕ್ಕೂ ನನ್ನಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ.

ಸಂಜೆ ಮನೆಗೆ ಬಂದವನೇ ‘ಕ್ರುಸೇಡರ್ ಕಿಂಗ್ಸ್ 3’ ಎಂಬ ನಕ್ಷೆಯ ಗೇಮ್ ತೆರೆದು 1066ನೆಯ ಇಸವಿ ಆರಿಸಿದ. ಆ ಇಸವಿ ಆರಿಸುವವರು ಸಾಮಾನ್ಯವಾಗಿ ನೋಡುವುದು ಇಂಗ್ಲೆಂಡಿನ ಕಡೆಗೆ, ಹೇಸ್ಟಿಂಗ್ಸ್ ಕದನ ನಡೆದ ವರ್ಷ ಅದು. ಇವನು ನಕ್ಷೆಯನ್ನು ಎಳೆದು ಚಾಲುಕ್ಯರ ಮೇಲೆ ತಂದು ನಿಲ್ಲಿಸಿದ. ಇತಿಹಾಸದ ಪ್ರಕಾರ ಒಂದನೆಯ ಸೋಮೇಶ್ವರನಿಗೆ ಉಳಿದಿರುವುದು ಇನ್ನೆರಡೇ ವರ್ಷ. ವಾಸಿಯಾಗದ ಕಾಯಿಲೆಗೆ ಬೇಸತ್ತು 1068ರಲ್ಲಿ ಅವನು ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಆಟದಲ್ಲಿ ರಾಜ ಸತ್ತರೆ ನೆಲ ಮಕ್ಕಳ ನಡುವೆ ಹರಿದುಹೋಗುವುದೇ ದೊಡ್ಡ ತಲೆನೋವು. ಹಿರಿಯ ಮಗನನ್ನು ಗಟ್ಟಿ ಮಾಡುವುದೋ, ಎರಡನೆಯವನನ್ನೋ ಎಂದು ಹುಡುಗ ತನ್ನಷ್ಟಕ್ಕೇ ಜೋರಾಗಿ ಯೋಚಿಸುತ್ತಿದ್ದ.

“ಎರಡನೇಯವ ಯಾರು?” ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

ವಿಕ್ರಮಾದಿತ್ಯ. 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟವೇರಿ, ಶಕವರ್ಷವನ್ನು ಬದಿಗಿಟ್ಟು ತನ್ನದೇ ಹೆಸರಿನ ವರ್ಷ ಆರಂಭಿಸಿ, ಐವತ್ತು ವರ್ಷ ಆಳಿದವನು.